ಪಡಸಾಲೆಯ ಟೀವಿ, ಅಜ್ಜನ ಕಿವಿ

ಟೀವಿಯ ಸದ್ದು ಎಷ್ಟಿರಬೇಕೆಂಬ ವಿಷಯದಲ್ಲಿ ಒಂದೇ ಮನೆಯ ಇಬ್ಬರು ಒಮ್ಮತಕ್ಕೆ ಬಂದ ಉದಾಹರಣೆ ವಿರಳ. ಕಿವಿ ಚುರುಕಾಗಿರುವವರಿಗೆ ಗದ್ದಲವೆನಿಸುವುದು ಕಿವಿ ಮಂದವಾದವರಿಗೆ ಪಿಸುಮಾತು. ಕಲಘಟಗಿ ತಾಲೂಕಿನ ಮಿಶ್ರಿಕೋಟಿಯ ಒಂದು ಮನೆಯಲ್ಲಿ, ಮಗಳು ಬಾಣಂತನಕ್ಕೆಂದು ತವರಿಗೆ ಬಂದ ಮೇಲೆ, ಈ ಭಿನ್ನಾಭಿಪ್ರಾಯವು ಉಗ್ರರೂಪವನ್ನೇ ತಾಳಿತು. ಕಲಘಟಗಿಯ ಬಣ್ಣದ ತೊಟ್ಟಿಲಿಗೆ ನಾಡಿನಲ್ಲೆಲ್ಲ ಹೆಸರು. ಈ ಮನೆಯ ತೊಟ್ಟಿಲೂ ಅಲ್ಲಿಯದೇ. ಮೂರು ತಲೆಮಾರಿನ ಮಕ್ಕಳನ್ನು ತೂಗಿದ್ದು. ಅದನ್ನು ಕಟ್ಟಲು ಕೊಂಡಿಯಿರುವುದು ಪಡಸಾಲೆಯ ಜಂತಿಯಲ್ಲಿ ಮಾತ್ರ. ಟೀವಿಯಿರುವುದೂ ಪಡಸಾಲೆಯಲ್ಲಿಯೇ. ಸಂಜೆಯ ವಾರ್ತೆಯ ಹೊತ್ತಿಗೂ ಕೂಸಿನ ನಿದ್ದೆಯ ಹೊತ್ತಿಗೂ ಹೆಚ್ಚಿನ ಅಂತರವಿರಲಿಲ್ಲ.

“ಸ್ವಲ್ಪ ಸಣ್ಣದು ಮಾಡ್ರೀ, ಕೂಸು ಎದ್ದೀತು,” ಎಂದು ಅಜ್ಜಿ ಹೇಳುವರು. ಅಜ್ಜ ಸದ್ದನ್ನು ತಗ್ಗಿಸುವರು. ತಗ್ಗಿಸಿದ ಮೇಲೆ ಅವರ ಪಾಲಿಗೆ ಟೀವಿಯಲ್ಲಿ ಉಳಿಯುತ್ತಿದ್ದುದು ತುಟಿಯಾಡಿಸುವ ಮುಖಗಳು ಮಾತ್ರ. ನಾಲ್ಕು ದಿನ ಹೀಗೆ ನಡೆದು, ಐದನೆಯ ದಿನ ಅವರು ವಾರ್ತೆಯ ಹೊತ್ತಿಗೆ ಹೊರಗಿನ ಕಟ್ಟೆಗೆ ಹೋಗಿ ಕುಳಿತರು. “ಅದರಾಗ ನೋಡೂದು ಏನೈತಿ ಬಿಡು,” ಎಂದರು. ಸಮಾಧಾನದಿಂದ ಆಡಿದ ಮಾತೇ. ಆದರೆ ಅಜ್ಜಿಗೆ ಅದು ಹಿಡಿಸಲಿಲ್ಲ. ಆ ಹಿಂದಿನ ಒಂದೆರಡು ವರ್ಷಗಳಿಂದ ಅವರು ಕೇಳಿಸದ ಮಾತಿಗೂ ತಲೆಯಾಡಿಸುವುದನ್ನು, ನಾಲ್ಕು ಜನ ನಗುವಾಗ ಅರ್ಧ ಕ್ಷಣ ತಡವಾಗಿ ನಗುವುದನ್ನು ಆಕೆ ಗಮನಿಸಿದ್ದರು. ಮುಪ್ಪಿನಲ್ಲಿ ಕಿವಿ ಹೋಗುವುದೆಂದರೆ ಒಮ್ಮೆಗೇ ಹೋಗುವುದಲ್ಲ. ಮನುಷ್ಯನು ಗುಂಪಿನಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತಾನೆ.

ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿರುವ ಮಗನು ಮುಂದಿನ ರವಿವಾರ ತಂತಿಯಿಲ್ಲದ ಒಂದು ಹೆಡ್‌ಫೋನನ್ನು ತಂದನು. ಟೀವಿಯ ಹಿಂಬದಿಗೆ ಬಗ್ಗಿ ನೋಡಿದರೆ ಹೆಡ್‌ಫೋನಿನ ಕಿಂಡಿಯೇ ಇಲ್ಲ! ಹಳೆಯ ಡಬ್ಬಿ ಟೀವಿಗಳಲ್ಲಿ ಅನೇಕಕ್ಕೆ ಅದು ಮುಂಭಾಗದಲ್ಲಿಯೇ ಇರುತ್ತಿತ್ತು. ಗೋಡೆಗಂಟುವ ಇಂದಿನ ತೆಳುವಾದ ಟೀವಿಗಳಲ್ಲಿ ಹಲವು ಅದನ್ನು ಕೈಬಿಟ್ಟಿವೆ.

ಹೆಡ್‌ಫೋನಿನ ಚರಿತ್ರೆಯಲ್ಲಿ ಇದೊಂದು ವಿಚಿತ್ರವಾದ ತಿರುವು. ಅಮೆರಿಕದ ನಥಾನಿಯಲ್ ಬಾಲ್ಡ್‌ವಿನ್ ಎಂಬವನು 1910ರಲ್ಲಿ ತನ್ನ ಮನೆಯ ಅಡುಗೆಯ ಮೇಜಿನ ಮೇಲೆ ತಯಾರಿಸಿದ ಹೆಡ್‌ಫೋನುಗಳನ್ನು ಅಲ್ಲಿಯ ನೌಕಾಪಡೆಯು ಕೊಂಡಿತು. 1920ರ ದಶಕದಲ್ಲಿ ಪಾಶ್ಚಾತ್ಯರ ಮನೆಗಳಿಗೆ ರೇಡಿಯೋ ಬಂದಾಗ ಕೇಳಲು ಹಲವರಿಗೆ ಇದ್ದ ಸಾಧನವೂ ಅದೊಂದೇ. ಕೇಳುವ ಆಸೆ ಮನೆಮಂದಿಗೆಲ್ಲ, ಹೆಡ್‌ಫೋನು ಒಂದೇ. ಅದನ್ನು ಒಂದು ಬೋಗುಣಿಯೊಳಗಿಟ್ಟು, ಅದರ ಪ್ರತಿಧ್ವನಿಗೆ ಎಲ್ಲರೂ ಸುತ್ತಲೂ ಕಿವಿಗೊಡುತ್ತಿದ್ದರಂತೆ. ನಮ್ಮ ಕಡೆಗೆ ರೇಡಿಯೋ ಬಳಕೆಗೆ ಬರುವಷ್ಟರಲ್ಲಿ ಬೋಗುಣಿಯ ಕಾಲ ಮುಗಿದಿತ್ತು. ಧಾರವಾಡದ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾದಾಗ ಒಂದು ಪೆಟ್ಟಿಗೆಯ ದನಿಗೆ ಓಣಿಯೇ ಕಿವಿಯಾಗಬಹುದಿತ್ತು. ಒಬ್ಬರ ದನಿಯನ್ನು ಹಲವರಿಗೆ ಹಂಚಲು ಪಟ್ಟ ಪಾಡು ಅಂದಿನದು. ಹಲವರ ದನಿಯಿಂದ ಒಬ್ಬರ ಪಾಲನ್ನು ಬೇರ್ಪಡಿಸುವ ಪಾಡು ಇಂದಿನದು.

ಮಗನು ಮೊದಲು ಟೀವಿಯ ಸೆಟ್ಟಿಂಗುಗಳಲ್ಲಿ ಬ್ಲೂಟೂತ್ ಇದೆಯೇ ಎಂದು ಹುಡುಕಿದ್ದು ಸರಿಯಾದ ಕ್ರಮವೇ. (ಹತ್ತನೆಯ ಶತಮಾನದ ಡೆನ್ಮಾರ್ಕಿನ ಅರಸನೊಬ್ಬನ ಅಡ್ಡಹೆಸರು ಮಿಶ್ರಿಕೋಟಿಯ ಪಡಸಾಲೆಗೆ ಬಂದು ತಲುಪಿದ್ದು ಬೇರೆಯೇ ಕಥೆ.) ಅದು ಇದ್ದಿದ್ದರೆ ಖರ್ಚಿಲ್ಲದೆ ಕೆಲಸವಾಗುತ್ತಿತ್ತು. ಆದರೆ ಆ ದಾರಿಯಲ್ಲಿ ಒಂದು ತೊಡಕುಂಟು. ಹೆಡ್‌ಫೋನಿಗೆ ಸೇರಿದೊಡನೆ ಬಹಳಷ್ಟು ಟೀವಿಗಳು ತಮ್ಮ ಸ್ವಂತ ಬಾಯಿ ಮುಚ್ಚಿಕೊಳ್ಳುತ್ತವೆ. ಅಜ್ಜನಿಗೆ ಕೇಳುತ್ತದೆ, ಅಜ್ಜಿಗೆ ಇಲ್ಲ. ಹಾಗಾದರೆ ಕಟ್ಟೆಗೆ ಹೋಗಿ ಕೂರುವ ಸರದಿ ಅಜ್ಜಿಯದು!

ಈ ಟೀವಿಯಲ್ಲಿ ಬ್ಲೂಟೂತ್ ಇರಲಿಲ್ಲ. ಇಂಥಲ್ಲಿ ಬೇಕಾಗುವುದು ಟ್ರಾನ್ಸ್‌ಮಿಟರ್ ಎಂಬ ಬೆಂಕಿಪೊಟ್ಟಣದ ಗಾತ್ರದ ಒಂದು ಪೆಟ್ಟಿಗೆ. ಅದು ತಂತಿಯಿಂದ ಸದ್ದನ್ನು ತೆಗೆದುಕೊಂಡು ಗಾಳಿಯಲ್ಲಿ ಹೆಡ್‌ಫೋನಿಗೆ ಕಳಿಸುತ್ತದೆ. ಪ್ರಶ್ನೆಯಿರುವುದು ತಂತಿಯನ್ನು ಎಲ್ಲಿ ಚುಚ್ಚುವುದು ಎಂಬಲ್ಲಿ. ಟೀವಿಯ ಹಿಂದೆ ಕೆಂಪು, ಬಿಳಿ, ಹಳದಿ ಕಿಂಡಿಗಳನ್ನು ಕಂಡು ಸಂತೋಷಪಡುವವರೇ ಹೆಚ್ಚು. ಆದರೆ ಅವು ಸಾಮಾನ್ಯವಾಗಿ ಸದ್ದು ಒಳಗೆ ಬರುವ ಬಾಗಿಲುಗಳು, ಹೊರಗೆ ಹೋಗುವವಲ್ಲ. ಯುಎಸ್‌ಬಿ ಕಿಂಡಿಯಿಂದಲೂ ಸಾಮಾನ್ಯವಾಗಿ ಸದ್ದು ಬರುವುದಿಲ್ಲ. ಪೆಟ್ಟಿಗೆಗೆ ಬೇಕಾದ ವಿದ್ಯುತ್ತನ್ನು ಮಾತ್ರ ಅದು ಕೊಡಬಲ್ಲದು. ಅನೇಕ ಟೀವಿಗಳಲ್ಲಿ ಆಪ್ಟಿಕಲ್ ಎಂಬ ಚೌಕಾಕಾರದ ಪುಟ್ಟ ಕಿಂಡಿಯಿದ್ದು, ಒಳಗೆ ಕೆಂಪು ಬೆಳಕು ಮಿನುಗುತ್ತದೆ. ಸದ್ದು ಅಲ್ಲಿಂದ ಬೆಳಕಿನ ರೂಪದಲ್ಲಿ ಹೊರಬರುತ್ತದೆ. ಆಪ್ಟಿಕಲ್ ತಂತಿಯನ್ನು ಒಪ್ಪುವ ಟ್ರಾನ್ಸ್‌ಮಿಟರನ್ನು ಕೊಂಡು, ಟೀವಿಯ ಧ್ವನಿ ಸೆಟ್ಟಿಂಗಿನಲ್ಲಿ ಪಿಸಿಎಂ ಎಂಬುದನ್ನು ಆರಿಸಿದರೆ ಕೆಲಸ ಸುಗಮ. ಡಾಲ್ಬಿಯೆಂದು ಬಿಟ್ಟರೆ ಪೆಟ್ಟಿಗೆಗೆ ಆ ಭಾಷೆ ತಿಳಿಯದೆ ಮೌನವೇ ಫಲವಾಗಬಹುದು.

ಈ ಮನೆಗೆ ಆಪ್ಟಿಕಲ್ಲೂ ಬೇಕಾಗಲಿಲ್ಲ. ಟೀವಿಗೆ ಚಿತ್ರ ಬರುವುದು ಡಿಶ್ಶಿನ ಸೆಟ್‌ಟಾಪ್ ಬಾಕ್ಸಿನಿಂದ, ಎಚ್‌ಡಿಎಂಐ ಎಂಬ ಒಂದೇ ತಂತಿಯ ಮೂಲಕ. ಅದೇ ಬಾಕ್ಸಿನ ಬೆನ್ನಿಗೆ ಕೆಂಪು, ಬಿಳಿ, ಹಳದಿಯ ಮೂರು ಕಿಂಡಿಗಳು ಯಾರಿಗೂ ಬೇಡವಾಗಿ ಧೂಳು ಹಿಡಿದಿದ್ದವು. ಇವು ಹೊರಬಾಗಿಲುಗಳೇ. ಹಳದಿ ಚಿತ್ರಕ್ಕೆ, ಕೆಂಪು ಬಿಳಿಗಳು ಸದ್ದಿಗೆ. ಆ ಎರಡರಿಂದ ಟ್ರಾನ್ಸ್‌ಮಿಟರಿಗೆ ತಂತಿ ಎಳೆದಾಗ ಅಜ್ಜನ ಕಿವಿಗೆ ಬೇರೊಂದು ದಾರಿ ತೆರೆಯಿತು. ಟೀವಿಯ ಸ್ವಂತ ದನಿಗೆ ಇದರ ಸುದ್ದಿಯೇ ಇಲ್ಲ. ಟೀವಿಯ ರಿಮೋಟಿನಿಂದ ಸದ್ದನ್ನು ಕೂಸಿನ ನಿದ್ದೆಗೆ ತಕ್ಕಂತೆ ತಗ್ಗಿಸಬಹುದು. ಅಜ್ಜನು ತನ್ನ ಹೆಡ್‌ಫೋನಿನ ಗುಂಡಿಯಿಂದ ತನಗೆ ತಕ್ಕಂತೆ ಏರಿಸಬಹುದು. ಬಾಕ್ಸಿನ ರಿಮೋಟನ್ನು ಮಾತ್ರ ಯಾರೂ ಸದ್ದಿಗಾಗಿ ಮುಟ್ಟಬಾರದು. ತಂತಿಯ ಉಪಾಯಗಳಲ್ಲಿ ಅಗ್ಗವಾದುದೂ, ಸಂಸಾರಕ್ಕೆ ಒಗ್ಗುವುದೂ ಇದೇ.

ಮೊದಲ ಸಂಜೆ ಹೆಡ್‌ಫೋನು ಟ್ರಾನ್ಸ್‌ಮಿಟರನ್ನು ಬಿಟ್ಟು ಮೊಮ್ಮಗನ ಮೊಬೈಲಿಗೆ ಹೋಗಿ ಅಂಟಿಕೊಂಡಿತು. ವಾರ್ತೆ ಓದುವಾಕೆಯ ಬಾಯಿಂದ ಸಿನಿಮಾದ ಹಾಡು ಹೊರಟದ್ದನ್ನು ಕಂಡು ಅಜ್ಜ ಬೆರಗಾದರು. ಜೋಡಣೆಯ ಹೊತ್ತಿಗೆ ಮನೆಯ ಮೊಬೈಲುಗಳ ಬ್ಲೂಟೂತನ್ನೆಲ್ಲ ಆರಿಸಿದ ಮೇಲೆ ಅದು ನೆಟ್ಟಗಾಯಿತು. ಎರಡನೆಯ ತೊಂದರೆ ಅಷ್ಟು ಸುಲಭದ್ದಲ್ಲ. ತುಟಿ ಮೊದಲು ಅಲುಗುತ್ತದೆ. ಮಾತು ಆಮೇಲೆ ಬರುತ್ತದೆ. ಕೆರೆಯ ಆಚೆಯ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದವರಿಗೆ ಇದು ಹೊಸದಲ್ಲ: ಬಟ್ಟೆ ಕಲ್ಲಿಗೆ ಬಡಿದದ್ದು ಮೊದಲು ಕಾಣುತ್ತದೆ, ಸದ್ದು ನಂತರ ಕೇಳುತ್ತದೆ. ಸಾಮಾನ್ಯ ಬ್ಲೂಟೂತಿನಲ್ಲಿ ಸದ್ದನ್ನು ಕಟ್ಟಿ, ಕಳಿಸಿ, ಬಿಚ್ಚುವಷ್ಟರಲ್ಲಿ ಸೆಕೆಂಡಿನ ಐದನೆಯ ಒಂದು ಭಾಗ ಕಳೆದುಹೋಗಬಹುದು. ಸುಮಾರು 70 ಮೀಟರು ದೂರದ ಅಗಸನ ಸದ್ದು ತಡವಾಗುವುದೂ ಅಷ್ಟೇ. ಸೆಟ್ಟಿಂಗುಗಳಲ್ಲಿ ಸದ್ದನ್ನು ಹಿಂದೆ ಮುಂದೆ ಮಾಡುವ ಸೌಕರ್ಯ ಕೆಲವು ಟೀವಿಗಳಲ್ಲಿದೆ. ಆದರೆ ಅದು ಸದ್ದನ್ನು ಇನ್ನಷ್ಟು ತಡಮಾಡಬಲ್ಲದೇ ಹೊರತು, ತಡವಾದ ಸದ್ದಿಗಾಗಿ ಚಿತ್ರವನ್ನು ಕಾಯಿಸಲಾರದು. ಕಿವಿ ಮಂದವಾದವರು ಅರ್ಧ ಮಾತನ್ನು ತುಟಿಯಿಂದಲೇ ಓದುವುದರಿಂದ ಈ ತಡ ಅವರನ್ನೇ ಹೆಚ್ಚು ಕಾಡುತ್ತದೆ. ಇದಕ್ಕೆ ಪರಿಹಾರವೆಂದರೆ ‘ಲೋ ಲೇಟೆನ್ಸಿ’ ಎಂಬ ಗುಣವು ಟ್ರಾನ್ಸ್‌ಮಿಟರ್, ಹೆಡ್‌ಫೋನು ಎರಡರಲ್ಲಿಯೂ ಒಂದೇ ಬಗೆಯದಾಗಿರುವುದು. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಕೊಟ್ಟ ಹಣ ವ್ಯರ್ಥ. ಟೀವಿಗೆಂದೇ ತನ್ನ ಪೀಠದೊಡನೆ ಜೋಡಿಯಾಗಿ ಮಾರಾಟವಾಗುವ ಹೆಡ್‌ಫೋನನ್ನು ಕೊಂಡರೆ ಈ ಚಿಂತೆ ಬಹುಮಟ್ಟಿಗೆ ತಪ್ಪುತ್ತದೆ. ಮಗನು ಮರುವಾರ ಹುಬ್ಬಳ್ಳಿಯಲ್ಲಿ ಅಂಥದಕ್ಕೇ ಬದಲಾಯಿಸಿ ತಂದನು.

ಅಜ್ಜನಿಗೆ ಆಶ್ಚರ್ಯವಾದದ್ದು ಸದ್ದು ಜೋರಾಯಿತೆಂದಲ್ಲ, ಮಾತು ಬಿಡಿಬಿಡಿಯಾಗಿ ತಿಳಿಯಿತೆಂದು. ವಯಸ್ಸಾದಂತೆ ಮೊದಲು ಕುಂದುವುದು ಎತ್ತರದ ಸ್ವರಗಳು. ಸ, ಶ, ತ ಮೊದಲಾದ ಅಕ್ಷರಗಳ ಕಸುವು ಇರುವುದು ಅಲ್ಲಿಯೇ. ಅದಕ್ಕೆಂದೇ ಎಷ್ಟು ಏರಿಸಿದರೂ “ಕೇಳತದ, ತಿಳಿಯೂದಿಲ್ಲ” ಎಂದು ಹಿರಿಯರು ಹೇಳುವುದು. ಕೋಣೆಯ ಪ್ರತಿಧ್ವನಿಯೂ ಪಾತ್ರೆಯ ಸದ್ದೂ ನಡುವೆ ಬಾರದಿದ್ದಾಗ ಉಳಿದ ಶಕ್ತಿಯಲ್ಲಿಯೇ ಹೆಚ್ಚು ತಿಳಿಯುತ್ತದೆ. ಆದರೆ ಹೆಡ್‌ಫೋನು ಶ್ರವಣಯಂತ್ರವಲ್ಲ; ಕಿವಿಯನ್ನು ವೈದ್ಯರಿಗೆ ಒಮ್ಮೆ ತೋರಿಸಲೇಬೇಕು. ಕೆಲವೊಮ್ಮೆ ಸಿಗುವುದು ಬರೀ ಕಿವಿಯ ಗುಗ್ಗೆ! ಸದ್ದಿಗೂ ಮಿತಿಯುಂಟು: 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸದ್ದು ಏರಿದಂತೆ ಆ ಗಂಟೆಗಳು ಬೇಗನೆ ಕರಗುತ್ತವೆ.

ಈಗ ಅಜ್ಜ ವಾರ್ತೆಯ ಹೊತ್ತಿಗೆ ಪಡಸಾಲೆಯಲ್ಲಿಯೇ ಇರುತ್ತಾರೆ. ಸೊಸೆ “ಮಾವಾರ, ಊಟಕ್ಕ ಏಳ್ರಿ,” ಎಂದು ಮೂರು ಸಲ ಕರೆದರೂ ಕೇಳಿಸದು ಎಂಬುದು ಹೊಸ ದೂರು. ಅದಕ್ಕಾಗಿ ಅವರು ಒಂದು ಕಿವಿಯನ್ನು ಮಾತ್ರ ಮುಚ್ಚಿ, ಇನ್ನೊಂದನ್ನು ಮನೆಗೆಂದು ಬಿಟ್ಟಿದ್ದಾರೆ. ಅಜ್ಜಿ ಮೊನ್ನೆ ಹೆಡ್‌ಫೋನನ್ನು ತಾವೂ ಹಾಕಿಕೊಂಡು ನೋಡಿ, ಅರ್ಧ ಧಾರಾವಾಹಿ ಮುಗಿಯುವವರೆಗೆ ತೆಗೆಯಲಿಲ್ಲ. ಇಬ್ಬರ ಹೆಡ್‌ಫೋನಿಗೆ ಒಟ್ಟಿಗೆ ಸದ್ದು ಕಳಿಸುವ ಟ್ರಾನ್ಸ್‌ಮಿಟರುಗಳೂ ದೊರೆಯುತ್ತವೆ. ಬೆಲೆ ಎಷ್ಟೆಂದು ವಿಚಾರಿಸಿ ಬರಲು ಮಗನಿಗೆ ಅಪ್ಪಣೆಯಾಗಿದೆ.