ಗೋಡೆಯ ಮೇಲಿನ ತಾರೀಖು

ಕಳೆದ ವಾರ ಲಷ್ಕರ್ ಮೊಹಲ್ಲಾದ ನಮ್ಮ ಮನೆಗೆ ಆಶಾ ಕಾರ್ಯಕರ್ತೆಯೊಬ್ಬಳು ಬಂದಳು. ನೇರವಾಗಿ ಬಚ್ಚಲುಮನೆಗೆ ನಡೆದು, ನನ್ನಾಕೆ ತುಂಬಿಸಿಟ್ಟಿದ್ದ ಡ್ರಮ್ಮಿನೊಳಕ್ಕೆ ಬ್ಯಾಟರಿ ಬಿಟ್ಟು, “ತಾತ, ಇಲ್ಲಿ ಬನ್ನಿ, ಹುಳ ಆಡ್ತಾ ಇವೆ ನೋಡಿ” ಎಂದಳು. ನೋಡಿದೆ. ಲಷ್ಕರ್ ಎಂದರೆ ದಂಡು ತಾನೆ? ದಂಡು ಡ್ರಮ್ಮಿನಲ್ಲಿಯೇ ಬೀಡುಬಿಟ್ಟಿತ್ತು.

“ಇದಕ್ಕೀಗ ದಂಡ ಇದೆ ತಾತ. ಈ ಸಲ ಚೆಲ್ಲಿಬಿಡಿ.”

ನನಗೆ ಹಳೆಯದು ನೆನಪಾಯಿತು. 1960ರ ಸುಮಾರಿನಲ್ಲಿ ರಜೆಗೆಂದು ಮಂಡ್ಯದ ಕಡೆಯ ತಾತನ ಊರಿಗೆ ಹೋಗುತ್ತಿದ್ದೆ. ವಿಶ್ವೇಶ್ವರಯ್ಯ ನಾಲೆಯ ನೀರಿನ ಜತೆಗೆ ಮಲೇರಿಯವನ್ನೂ ಕಂಡಿದ್ದ ಸೀಮೆ ಅದು. ಅಲ್ಲಿ ಸರ್ಕಾರವೇ ಮನೆಗೆ ಬರುತ್ತಿತ್ತು. ಪಂಪು ಹಿಡಿದ ಆಳುಗಳು ಒಳಗೋಡೆಗೆಲ್ಲ ಡಿ.ಡಿ.ಟಿ. ಹೊಡೆದು, ಬಾಗಿಲ ಪಕ್ಕದಲ್ಲಿ ತಾರೀಖು ಬರೆದು ಹೋಗುತ್ತಿದ್ದರು. ಅಜ್ಜಿಗೆ ಸೊಳ್ಳೆಗಿಂತ ತಿಗಣೆ ಸತ್ತದ್ದೇ ದೊಡ್ಡ ಲಾಭ. ಕೆಲವು ವರ್ಷ ಕಳೆದು ತಿಗಣೆ ಸಾಯದಾದಾಗ ಅವಳ ಭಕ್ತಿಯೂ ಇಳಿಯಿತು. ಔಷಧಿಯವರು ಬೀದಿ ತಿರುಗುವ ಮೊದಲೇ ಗೋಡೆಗೆ ಸಗಣಿ ಸಾರಿಸಿಬಿಡುತ್ತಿದ್ದಳು. ತಾರೀಖನ್ನು ಮಾತ್ರ ಮುಟ್ಟುತ್ತಿರಲಿಲ್ಲ, ಅದು ಸರ್ಕಾರದ್ದು!

1953ರಲ್ಲಿ ದೇಶದಲ್ಲಿ ಆರಂಭವಾದ ಕಾರ್ಯಕ್ರಮದ ಹೆಸರು ಮಲೇರಿಯ ನಿಯಂತ್ರಣ. ಫಲ ಕಂಡು ಹುರುಪು ಹೆಚ್ಚಿ 1958ರಲ್ಲಿ ಅದು ನಿರ್ಮೂಲನವಾಯಿತು. 1965ರಲ್ಲಿ ಸುಮಾರು 1 ಲಕ್ಷ ಮಂದಿಗೆ ಇಳಿದಿದ್ದ ಜ್ವರ 1976ರಲ್ಲಿ 64 ಲಕ್ಷವನ್ನು ಮುಟ್ಟಿತು. ಡಿ.ಡಿ.ಟಿ. ಸಾಲಲಿಲ್ಲ, ಸೊಳ್ಳೆ ಅದಕ್ಕೆ ಒಗ್ಗಿಯೂ ಹೋಗಿತ್ತು. ಹಳ್ಳಿಯ ಗೋಡೆಗಳನ್ನು ನೋಡಿಕೊಂಡವರು ದೊಡ್ಡ ಪಟ್ಟಣಗಳನ್ನು ಆಯಾ ಪುರಸಭೆಯ ಪಾಲಿಗೆ ಬಿಟ್ಟಿದ್ದರು. ಪಟ್ಟಣಗಳಿಗೆಂದೇ ಯೋಜನೆ ಬಂದದ್ದು 1971ರಲ್ಲಿ. 1977ರಲ್ಲಿ ಗುರಿ ಮತ್ತೆ ನಿಯಂತ್ರಣಕ್ಕೇ ಇಳಿಯಿತು. ಹೆಸರು ಮಾತ್ರ ಇನ್ನೂ ಇಪ್ಪತ್ತು ವರ್ಷಕ್ಕೂ ಮೇಲೆ ‘ನಿರ್ಮೂಲನ’ವೆಂದೇ ಉಳಿಯಿತು. ಬೋರ್ಡು ಬದಲಿಸುವುದು ಸುಲಭವೆ?

ಡೆಂಗಿಯ ಸೊಳ್ಳೆಯ ರೀತಿಯೇ ಬೇರೆ. ಹಗಲು ಕಚ್ಚುತ್ತದೆ. ಗೋಡೆಗಿಂತ ನೇತುಹಾಕಿದ ಬಟ್ಟೆಯ ಮರೆ ಅದಕ್ಕೆ ಇಷ್ಟ. ಚರಂಡಿಯನ್ನು ಬಿಟ್ಟು ನಾವು ಹಿಡಿದಿಟ್ಟ ಶುದ್ಧ ನೀರಿಗೇ ಬರುವಷ್ಟು ಮಡಿ. ಮೊಟ್ಟೆಯೊಡೆದು ಹುಳ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಹೀಗಿರುವಾಗ ಅಜ್ಜಿಯ ಕಾಲದ ಪಂಪು ಇಲ್ಲಿ ಹೆಚ್ಚು ನಡೆಯದು. ವಾರಕ್ಕೊಮ್ಮೆ ಚೆಲ್ಲಿ ಉಜ್ಜಬೇಕೆಂಬ ನೀತಿ ಸರಿಯಾದದ್ದೇ. ಮೊಮ್ಮಗ ಡೆಂಗಿಯಲ್ಲಿ ಮಲಗಿದ್ದಾಗ ದಿನವೂ ಪ್ಲೇಟ್‌ಲೆಟ್ಟಿನ ಲೆಕ್ಕಕ್ಕಾಗಿ ಕಾದು ಕುಳಿತವನು ನಾನು. ಆ ಹುಡುಗಿಯೊಡನೆ ಜಗಳಕ್ಕೆ ನಿಲ್ಲಲಾರೆ.

ಆದರೂ ಒಂದು ಮಾತು. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಎಡೆಗೊಟ್ಟ ಪಟ್ಟಣದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200 ರೂಪಾಯಿ ದಂಡ ಗೊತ್ತುಮಾಡಿತು. ಅಂದು ಗೋಡೆಗೆ ಸರ್ಕಾರ ಹೊಣೆ. ಇಂದು ಡ್ರಮ್ಮಿಗೆ ನನ್ನಾಕೆ ಹೊಣೆ. ಅವಳು ಸುಮ್ಮನಿರುವವಳಲ್ಲ.

“ನಲ್ಲಿ ದಿನಾ ಬಂದರೆ ನಾನ್ಯಾಕಮ್ಮ ಡ್ರಮ್ಮು ತುಂಬಿಸಲಿ? ಅದನ್ನೂ ಬರೆದುಕೋ.”

ಹುಡುಗಿ ತನ್ನ ಪುಸ್ತಕವನ್ನು ತಿರುವಿದಳು. ಅದಕ್ಕೆ ಅಲ್ಲಿ ಕಲಮಿರಲಿಲ್ಲ. “ನಮ್ಮನೇಲೂ ಹಾಗೇ ಅಜ್ಜಿ” ಎಂದಳು.

ಮೂವರೂ ಸೇರಿ ಡ್ರಮ್ಮನ್ನು ಬಗ್ಗಿಸಿದೆವು. ಹೋಗುವಾಗ ಅವಳು ಬಾಗಿಲ ಪಕ್ಕದಲ್ಲಿ ಸೀಮೆಸುಣ್ಣದಿಂದ ತಾರೀಖು ಬರೆದಳು. ಮಾರನೆಯ ಸಂಜೆ ನಲ್ಲಿ ಬಂದಿತು. ನನ್ನಾಕೆ ಡ್ರಮ್ಮನ್ನು ಉಜ್ಜಿ ತುಂಬಿಸಿ, ನನ್ನ ಹಳೆಯ ಪಂಚೆಯೊಂದನ್ನು ಅದರ ಬಾಯಿಗೆ ಬಿಗಿದು ಕಟ್ಟಿದಳು.