ಎದ್ದು ನಿಲ್ಲುವ ಕಾಗದ

ಕ್ರಿಸ್‌ಮಸ್ ಕಾರ್ಡು ದುಡ್ಡಿದ್ದವರ ವಸ್ತು ಅಂತ ತುಂಬ ಜನ ತಿಳಿದಿದ್ದಾರೆ. ಅದು ಹುಟ್ಟಿದ್ದೂ ಹಾಗೇ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬ ಅಧಿಕಾರಿಗೆ ಹಬ್ಬದ ಕಾಗದ ಒಂದೊಂದಾಗಿ ಬರೆಯುವಷ್ಟು ಪುರುಸೊತ್ತು ಇರಲಿಲ್ಲ. ಜಾನ್ ಕಾಲ್ಕಾಟ್ ಹಾರ್ಸ್ಲಿ ಎಂಬ ಚಿತ್ರಗಾರನಿಂದ ಚಿತ್ರ ಬರೆಸಿ, ಸುಮಾರು ಒಂದು ಸಾವಿರ ಪ್ರತಿ ಕಲ್ಲಚ್ಚಿನಲ್ಲಿ ತೆಗೆಸಿದ. ಮಾರಿದ ಬೆಲೆ ಒಂದಕ್ಕೆ ಒಂದು ಶಿಲ್ಲಿಂಗು. ಟಪಾಲಿಗೆ ಆಗ ಒಂದು ಪೆನ್ನಿ ಸಾಕಿತ್ತು; ಕಾರ್ಡಿಗೆ ಅದರ ಹನ್ನೆರಡರಷ್ಟು.

ಅದೇ 1843ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರ ಕಲ್ಲಚ್ಚಿನಿಂದ ಕನ್ನಡದ ಮೊದಲ ಪತ್ರಿಕೆ ಹೊರಬಂತು. ಅಲ್ಲೂ ಕಲ್ಲಚ್ಚು, ಇಲ್ಲೂ ಕಲ್ಲಚ್ಚು. ಅಕ್ಷರ ಮುಟ್ಟಗೊಡದಿದ್ದ ನಮ್ಮ ಮುತ್ತಾತಂದಿರಿಗೆ ಎರಡೂ ಮುಟ್ಟಲಿಲ್ಲ.

ಆ ಮೊದಲ ಕಾರ್ಡಿನ ಚಿತ್ರ ನೋಡಬೇಕು. ನಡುವೆ ಒಂದು ಉಳ್ಳ ಕುಟುಂಬ, ಕೈಯಲ್ಲಿ ವೈನಿನ ಲೋಟ ಹಿಡಿದು ಕುಡಿಯುತ್ತಾ ಕೂತಿದೆ. ಮಗುವಿನ ಬಾಯಿಗೂ ಲೋಟ ಹಿಡಿದಿದ್ದಾರೆ. ಪಾನನಿರೋಧದವರು ಇದಕ್ಕೇ ಕೂಗಾಡಿದರು. ನಮ್ಮ ಕಣ್ಣಿಗೆ ಬಿದ್ದದ್ದು ಬೇರೆ. ಎಡಬಲದ ಅಂಚಿನಲ್ಲಿ ಹಸಿದವರಿಗೆ ಅನ್ನ ಹಾಕುವ, ಬಟ್ಟೆಯಿಲ್ಲದವರಿಗೆ ಬಟ್ಟೆ ಹೊದಿಸುವ ಚಿತ್ರಗಳಿವೆ. ಉಣ್ಣುವವರು ನಡುವೆ, ಬೇಡುವವರು ಅಂಚಿಗೆ. ಊರು ನಡುವೆ, ಕೇರಿ ಅಂಚಿಗೆ ಅನ್ನೋ ಲೆಕ್ಕ ನಮಗೆ ಹೊಸದೇನಲ್ಲ.

ನಮ್ಮದು ಮೈಸೂರು ಸೀಮೆಯ ಒಂದು ಕೇರಿ. ಅಜ್ಜನ ಕಾಲದಲ್ಲಿ ಅರ್ಧ ಮನೆಗಳು ಯೇಸುವಿನ ಹೆಸರು ಹಿಡಿದವು. ಹೆಸರು ಬದಲಾಯ್ತು, ಕೇರಿ ಬದಲಾಗಲಿಲ್ಲ. ಡಿಸೆಂಬರು ಬಂತೆಂದರೆ ನಮ್ಮ ಮನೆಯಲ್ಲಿ ಬ್ಲೇಡು, ಮೈದಾ ಸರಿ, ಹಳೇ ಲಗ್ನಪತ್ರಿಕೆ ಹೊರಗೆ ಬರುತ್ತವೆ. ಊರಿನವರ ಮದುವೆಗೆ ನಮ್ಮನ್ನು ಕರೆಯುವುದು ಪಾತ್ರೆ ತೊಳೆಯುವುದಕ್ಕೆ. ಲಗ್ನಪತ್ರಿಕೆ ಮಾತ್ರ ಗುಜರಿಯಲ್ಲಿ ಕೇಜಿ ಲೆಕ್ಕಕ್ಕೆ ಸಿಗುತ್ತದೆ. ದಪ್ಪ ಕಾಗದ, ಒಳಮೈ ಬಿಳುಪು. ಅದೇ ನಮಗೆ ಬಂಡವಾಳ. ಮೈದಾ ಸರಿ ಕುದಿಸುವಾಗ ಅವ್ವ ಒಂದು ಚಿಟಿಕೆ ಮೈಲುತುತ್ತ ಹಾಕುತ್ತಾಳೆ. ಹುಳ ಹಿಡಿಯೋದಿಲ್ಲ. ಚಿಕ್ಕಮಕ್ಕಳ ಕೈಗೆ ಮಾತ್ರ ಆ ಬೋಗುಣಿ ಕೊಡೋದಿಲ್ಲ, ಅದು ವಿಷ.

ಮಾಡೋ ಬಗೆ ಸುಲಭ. ಎಂಟಿಂಚು, ಆರಿಂಚಿನ ಹಾಳೆಯನ್ನು ಎಂಟಿಂಚಿನ ಕಡೆಯಿಂದ ಅರ್ಧಕ್ಕೆ ಮಡಚಬೇಕು. ಒಂದೊಂದು ಪುಟ ನಾಲ್ಕಿಂಚಾಯ್ತು. ಮಡಿಕೆಯ ಅಂಚಿನಿಂದ ಒಳಕ್ಕೆ, ಒಂದರ ಪಕ್ಕ ಒಂದು, ಒಂದೊಂದು ಇಂಚಿನ ಎರಡು ಸೀಳು ಹಾಕಬೇಕು. ಮುಗಿದುಹೋದ ರೀಫಿಲ್ಲಿನ ತುದಿಯಿಂದ ಸೀಳಿನ ಕೊನೆಗಳ ನಡುವೆ ಗೆರೆ ಒತ್ತಿದರೆ ಕಾಗದ ಹೇಳಿದಂಗೆ ಕೇಳುತ್ತದೆ. ಆಮೇಲೆ ಹಾಳೆ ಬಿಚ್ಚಿ, ಸೀಳಿನ ನಡುವಿನ ಪಟ್ಟಿಯನ್ನು ಒಳಮಗ್ಗುಲಿಗೆ ತಳ್ಳಿ ಮತ್ತೆ ಮಡಚಬೇಕು. ಅರ್ಧ ತೆರೆದರೆ ಒಂದು ಮೆಟ್ಟಿಲು ಎದ್ದು ನಿಲ್ಲುತ್ತದೆ. ಅದರ ಮುಖಕ್ಕೆ ಬೊಂಬೆ ಅಂಟಿಸೋದು. ಸೀಳಿನ ಉದ್ದ, ಬೊಂಬೆಯ ಎತ್ತರ ಎರಡೂ ಕೂಡಿ ನಾಲ್ಕಿಂಚಿನೊಳಗೇ ಇರಬೇಕು. ಮೀರಿದರೆ ಕಾರ್ಡು ಮುಚ್ಚಿದಾಗ ಬೊಂಬೆಯ ತಲೆ ಆಚೆಗೆ ಇಣುಕುತ್ತದೆ. ಹಿಂದೆ ತೂತು ಕಾಣದಂತೆ ಇನ್ನೊಂದು ಹಾಳೆ ಅಂಟಿಸಬೇಕು, ಪಟ್ಟಿಯ ಬೆನ್ನಿಗೆ ಮಾತ್ರ ಸರಿ ತಾಕಬಾರದು. ತಾಕಿದರೆ ಬೊಂಬೆ ಮಲಗಿದ್ದು ಮಲಗಿದಂಗೇ, ಏಳೋದಿಲ್ಲ.

ಏನು ನಿಲ್ಲಿಸಬೇಕು ಅನ್ನೋದೇ ಜಗಳ. ಪೇಟೆ ಕಾರ್ಡಿನಲ್ಲಿ ಹಿಮ, ಜಾರುಗಾಡಿ, ಹೆಂಚಿನ ಮೇಲೆಲ್ಲ ಹತ್ತಿ. ತಂಗಿ ಹಂಗೇ ಒಂದು ಮಾಡಿದಳು. ಅಜ್ಜಿ ನೋಡಿ, ‘ಅದೇನ್ ಮಗ ಬೆಳ್ಳುಗೆ? ನಮ್ಮೂರ್ನಲ್ಲಿ ಯಾವತ್ ಬಿದ್ದದೆ ಅದು? ಕಣದಲ್ಲಿ ರಾಗಿ ಮೆದೆ ಐತಲ್ಲ, ಅದ್ ನಿಲ್ಸು’ ಅಂದಳು. ಅವತ್ತಿನಿಂದ ನಮ್ಮ ಗೋದಲಿಯ ಹಿಂದೆ ರಾಗಿ ಮೆದೆ ನಿಂತಿತು. ಕುರುಬರ ಹೆಗಲಿಗೆ ಕಂಬಳಿ ಬಂತು. ಮರಿಯವ್ವ ನಮ್ಮವ್ವನ ಹಾಗೆ ಸೆರಗು ಕಟ್ಟಿಕೊಂಡಳು. ಹೆರಿಗೆಗೆ ಛತ್ರದಲ್ಲಿ ಜಾಗ ಸಿಗದೆ ಕೊಟ್ಟಿಗೆಗೆ ಹೋದವಳ ಕತೆ ನಮ್ಮ ಹೆಣ್ಣುಮಕ್ಕಳಿಗೆ ಯಾವ ಪಾದ್ರಿಯೂ ಬಿಡಿಸಿ ಹೇಳಬೇಕಾಗಿಲ್ಲ. ‘ಮೂರ್ ಜನ ದೊರೆಗಳು ಎಲ್ಲಜ್ಜಿ?’ ಅಂತ ತಮ್ಮ ಕೇಳಿದ. ‘ಬರ್ಲಿ ಬುಡು, ಅಂಚ್ನಾಗ್ ನಿಂತ್ಕಳ್ಲಿ’ ಅಂದಳು ಅಜ್ಜಿ.

ಒಂದು ವರ್ಷ ಪೇಟೆಯ ಒಂದು ಚರ್ಚಿಗೆ ನಲವತ್ತು ಕಾರ್ಡು ಒಯ್ದೆವು. ಮಾರುವ ಮೇಜಿನ ಮೇಲೆ ಇಟ್ಟರು. ಹಿರಿಯರೊಬ್ಬರು ಒಂದನ್ನು ತೆರೆದು ನೋಡಿ ನಕ್ಕರು. ‘ಚೆನ್ನಾಗಿದೆಯಲ್ಲ, ಯಾರು ಮಾಡಿದ್ದು?’ ಅಂದರು. ಕೇರಿಯ ಹೆಸರು ಹೇಳಿದೆವು. ಕಾರ್ಡು ಮೆಲ್ಲಗೆ ಮೇಜಿಗೆ ವಾಪಸ್ಸು ಹೋಯಿತು. ಕಾಗದಕ್ಕೂ ಮೈಲಿಗೆ ಅಂಟುತ್ತದೆ ಗೆಳೆಯರೇ, ಅದೂ ಯೇಸುವಿನ ಚಿತ್ರವಿದ್ದ ಕಾಗದಕ್ಕೆ.

ಸರ್ಕಾರದ ಕಾಗದದ ಕತೆ ಇನ್ನೊಂದು. 1950ರ ಪರಿಶಿಷ್ಟ ಜಾತಿ ಆದೇಶ ಹಿಂದೂಗಳಲ್ಲದವರನ್ನು ಪಟ್ಟಿಯಿಂದ ಆಚೆಗಿಟ್ಟಿತು. 1956ರಲ್ಲಿ ಸಿಖ್ ದಲಿತರಿಗೆ, 1990ರಲ್ಲಿ ಬೌದ್ಧ ದಲಿತರಿಗೆ ಬಾಗಿಲು ತೆಗೆದರು. ಕ್ರೈಸ್ತ ದಲಿತರಿಗೆ ತೆಗೆಯಲಿಲ್ಲ. ನಮ್ಮ ಮನೆಗೂ ದೊಡ್ಡಪ್ಪನ ಮನೆಗೂ ನಡುವೆ ಇರೋದು ಒಂದೇ ಗೋಡೆ. ದೊಡ್ಡಪ್ಪ ಮಾರಮ್ಮನ ಹಬ್ಬ ಮಾಡುತ್ತಾನೆ. ಅವನ ಮಕ್ಕಳು ಪರಿಶಿಷ್ಟ ಜಾತಿ, ನಾವಲ್ಲ. ಊರಿನ ಹೋಟೆಲಿನವನಿಗೆ ಮಾತ್ರ ಈ ವ್ಯತ್ಯಾಸ ಗೊತ್ತಿರಲಿಲ್ಲ. ಅವನು ಇಬ್ಬರಿಗೂ ಬೇರೆ ಲೋಟದಲ್ಲೇ ಟೀ ಕೊಟ್ಟ. ದೇವರು ಬದಲಾದರೆ ಜಾತಿ ಹೋಯಿತು ಅಂತ ಕಾನೂನು ಹೇಳುತ್ತದೆ, ಜಾತಿ ಕಾನೂನಿನ ಮಾತು ಕೇಳೋದಿಲ್ಲ.

ಮೇಜಿನಿಂದ ವಾಪಸ್ಸು ತಂದ ಕಾರ್ಡುಗಳನ್ನು ಕೇರಿಗೇ ಹಂಚಿದೆವು. ಮೊದಲನೆಯದು ದೊಡ್ಡಪ್ಪನಿಗೆ. ಅವನು ಅದನ್ನು ಮಾರಮ್ಮನ ಪಟದ ಪಕ್ಕದಲ್ಲೇ ತೆರೆದಿಟ್ಟ. ಈಗ ಅವನ ಮೊಮ್ಮಕ್ಕಳೂ ನಮ್ಮ ಜಗಲಿಗೆ ಬಂದು ಬ್ಲೇಡು ಹಿಡಿಯುತ್ತಾರೆ. ಮೊಬೈಲಿನಲ್ಲಿ ಒಂದು ಚಿತ್ರವನ್ನು ನೂರು ಜನಕ್ಕೆ ಒತ್ತಿ ಬಿಡೋ ಕಾಲ ಇದು. ಅದು ಬೇಡ ಅನ್ನೋದಿಲ್ಲ. ಆದರೆ ಸೀಳು ಎಲ್ಲಿ ಹಾಕಬೇಕು, ಯಾರನ್ನು ನಡುವೆ ನಿಲ್ಲಿಸಬೇಕು ಅಂತ ನಮ್ಮ ಮಕ್ಕಳು ಕೂತು ಜಗಳವಾಡೋದು ಈ ಜಗಲಿಯ ಮೇಲೆ.

ಒಳಗೆ ಶುಭಾಶಯದ ಸವಕಲು ಮಾತು ಬರೆಯೋದಿಲ್ಲ. ‘ಮನೆಗೆ ಬನ್ನಿ, ನಮ್ಮ ಜೊತೆ ಕೂತು ಉಣ್ಣಿ’ ಅಂತ ಬರೆಯುತ್ತೇವೆ. ಊರಿನೊಳಗಿನ ಮನೆಗಳಿಗೂ ಕೊಟ್ಟಿದ್ದೇವೆ. ಬಂದು ಉಂಡವರ ಲೆಕ್ಕ ಇದೆ, ಬಾರದವರ ಲೆಕ್ಕವೂ ಇದೆ. ಬರುವ ಡಿಸೆಂಬರಿಗೆ ಬಾರದವರ ಮನೆಗೇ ಮೊದಲು ಕಾರ್ಡು ಹೋಗುತ್ತದೆ.