ಬಲಗಾಲಿನ ಬೂಟು

ಬೂಟು ಕೊಳ್ಳುವವರು ಸಂಜೆ ಹೊತ್ತು ಅಂಗಡಿಗೆ ಹೋಗಬೇಕಂತೆ. ದಿನವಿಡೀ ನಿಂತು ನಡೆದ ಪಾದ ಅಷ್ಟೊತ್ತಿಗೆ ಸ್ವಲ್ಪ ಊದಿರುತ್ತದೆ, ಬೆಳಿಗ್ಗೆ ಸರಿಯಾಗಿ ಕೂತ ಜೋಡು ಸಂಜೆಗೆ ಬಿಗಿಯುತ್ತದೆ. ಇದನ್ನು ಹೇಳಿದವನು ಬೈಕ್ ಸವಾರರ ಸಾಮಾನು ಮಾರುವ ಅಂಗಡಿಯ ಹುಡುಗ. ಇಪ್ಪತ್ತೆರಡು ವಯಸ್ಸಿರಬಹುದು. ಒಂದು ಬೂಟನ್ನು ಎರಡೂ ಕೈಯಲ್ಲಿ ಹಿಡಿದು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಲು ನೋಡಿದ. ಅದು ಜಗ್ಗಲಿಲ್ಲ. "ನೋಡಿ ಸಾರ್, ಅಟ್ಟೆ ತಿರುಚಿಕೊಂಡರೆ ಗಾಡಿ ಮೇಲೆ ಬಿದ್ದಾಗ ಪಾದವೂ ಹಾಗೇ ತಿರುಚಿಕೊಳ್ಳುತ್ತೆ" ಎಂದ. ಕಣಕಾಲಿನ ಎರಡೂ ಪಕ್ಕಕ್ಕೆ ಗಟ್ಟಿ ಬಟ್ಟಲಿನಂಥ ರಕ್ಷೆ, ಬೆರಳುಗಳ ಮೇಲೆ ಗಡುಸಾದ ಮುಚ್ಚಳ, ಎಣ್ಣೆ ಚೆಲ್ಲಿದ ನೆಲದಲ್ಲೂ ಜಾರದ ರಬ್ಬರು. ಬೆಲೆ 7,500 ರೂಪಾಯಿ. ಆ ದುಡ್ಡಿಗೆ ನಮ್ಮ ಮನೆಯ ಆರು ಜನ ಎಷ್ಟು ವರ್ಷ ಹವಾಯಿ ಚಪ್ಪಲಿ ಮೆಟ್ಟಬಹುದಿತ್ತು ಎಂದು ಲೆಕ್ಕ ಹಾಕುತ್ತಲೇ ದುಡ್ಡು ಕೊಟ್ಟೆ.

ನಾನು ಶಾಲಾ ಮಾಸ್ತರ. ಬೆಂಗಳೂರಿನ ಟ್ಯಾನರಿ ರೋಡಿನಿಂದ ಹೊಸಕೋಟೆಯವರೆಗೆ ಹೋಗಲು ಸುಮಾರು 25 ಕಿಲೋಮೀಟರ್, ಬರಲು ಅಷ್ಟೇ. ಟಿನ್ ಫ್ಯಾಕ್ಟರಿ, ಕೆ.ಆರ್. ಪುರ, ಭಟ್ಟರಹಳ್ಳಿ ದಾಟುವುದೆಂದರೆ ಲಾರಿ, ಟೆಂಪೋ, ಬಸ್ಸುಗಳ ಸಂದಿಯಲ್ಲಿ ನುಸುಳಿ ನುಸುಳಿ ಮುಂದಕ್ಕೆ ಹೋಗುವುದು. ಹೋದ ಮಳೆಗಾಲದಲ್ಲಿ ನಮ್ಮ ಶಾಲೆಯ ಗಣಿತದ ಮೇಷ್ಟರನ್ನು ಅಡ್ಡರಸ್ತೆಯಿಂದ ನುಗ್ಗಿದ ಟೆಂಪೋ ಒಂದು ಕೆಡವಿತು. ತಲೆಗೆ ಹೆಲ್ಮೆಟ್ ಇತ್ತು, ತಲೆಗೆ ಏನೂ ಆಗಲಿಲ್ಲ. ಕಾಲಲ್ಲಿ ಇದ್ದದ್ದು ಸ್ಯಾಂಡಲ್. ಬಿದ್ದ ಗಾಡಿ ಪಾದವನ್ನು ತನ್ನ ಕೆಳಗೆ ಇಟ್ಟುಕೊಂಡೇ ಒಂದಷ್ಟು ದೂರ ಜಾರಿತ್ತು. ಈಗ ಅವರು ತರಗತಿಯಲ್ಲಿ ಕುರ್ಚಿಯ ಮೇಲೆ ಕೂತೇ ಪಾಠ ಮಾಡುತ್ತಾರೆ, ಬೋರ್ಡಿನ ಮೇಲೆ ಲೆಕ್ಕ ಬರೆಯುವುದು ಮಕ್ಕಳ ಕೆಲಸ. ಆಸ್ಪತ್ರೆಯಿಂದ ಬಂದ ದಿನ ನನ್ನ ಹೆಂಡತಿ ಅವರನ್ನು ನೋಡಿಕೊಂಡು ಬಂದು, ರಾತ್ರಿ ಊಟಕ್ಕೆ ಬಡಿಸುತ್ತಾ, ನನ್ನ ಪಾದಗಳ ಕಡೆ ನೋಡುತ್ತಾ ನಿಂತುಬಿಟ್ಟಳು. ಮಾತೇನೂ ಆಡಲಿಲ್ಲ. ಮುಂದಿನ ತಿಂಗಳ ಸಂಬಳ ಬಂದಾಗ ತಾನು ಕೂಡಿಟ್ಟಿದ್ದ ಮೂರು ಸಾವಿರವನ್ನೂ ಅದರ ಜೊತೆ ಇಟ್ಟಳು.

ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಸವಾರನ ತಲೆಯ ಬಗ್ಗೆ ಮಾತನಾಡುತ್ತದೆ, ಕಾಲಿನ ಬಗ್ಗೆ ಅಲ್ಲ. ಕಾಯ್ದೆಯನ್ನು ದೂರಿ ಫಲವಿಲ್ಲ. ನಮ್ಮ ಭಾಷೆಗಳೂ ಹಾಗೇ ಇವೆ. ಮರ್ಯಾದೆಯೆಲ್ಲ ತಲೆಗೆ, ಟೋಪಿಗೆ, ಪೇಟಕ್ಕೆ. ಕಾಲಿಗೆ ಹಾಕುವುದರ ಹೆಸರು ಕನ್ನಡದಲ್ಲೂ ಉರ್ದುವಿನಲ್ಲೂ ಬೈಗುಳಕ್ಕೆ ಒದಗುತ್ತದೆ.

ಮೊದಲ ವಾರ ನಾನು ಬೂಟು ಹಾಕಿಕೊಂಡಿರಲಿಲ್ಲ, ಬೂಟು ನನ್ನನ್ನು ಹಾಕಿಕೊಂಡಿತ್ತು. ಪಾದ ಮಡಿಯುವ ಜಾಗದಲ್ಲಿ ಅದು ಮಡಿಯುವುದಿಲ್ಲ, ತಾನು ಮಡಿಯಬೇಕೆಂದುಕೊಂಡ ಜಾಗದಲ್ಲಿ ಮಡಿದು ಅಲ್ಲಿ ಬೆರಳ ಬುಡವನ್ನು ಒತ್ತುತ್ತದೆ. ಹೊಸ ಚಪ್ಪಲಿ ಕಚ್ಚುತ್ತದೆ ಎನ್ನುತ್ತೇವಲ್ಲ, ಉರ್ದುವಿನಲ್ಲೂ ಜೂತಾ ಕಚ್ಚುವುದೇ. ಈ ಬೂಟು ಹಿಮ್ಮಡಿಯನ್ನು ಎರಡು ಕಡೆ ಕಚ್ಚಿತು. ಮೆಟ್ಟಿಲು ಇಳಿಯುವಾಗ ಕಾಲು ಎಲ್ಲಿ ಊರಿತೆಂದು ತಿಳಿಯದೆ ಗೋಡೆ ಹಿಡಿಯಬೇಕಾಗುತ್ತಿತ್ತು. ದಪ್ಪ ಕಾಲುಚೀಲ ಹಾಕಿ ದಿನಕ್ಕೆ ಒಂದು ತಾಸು ಮನೆಯೊಳಗೇ ತಿರುಗಾಡಿ ಎಂದು ಅಂಗಡಿಯ ಹುಡುಗ ಹೇಳಿದ್ದ. ನಮ್ಮ ಮನೆಯ ಉದ್ದ ಹದಿನಾರು ಹೆಜ್ಜೆ. ಬೂಟಿನೊಳಗಿದ್ದರೆ ಹದಿಮೂರು.

ಗಾಡಿಯ ಮೇಲಿನ ಕಷ್ಟ ಬೇರೆಯದು. ನನ್ನದು ಹಳೆಯ ಬುಲೆಟ್, ಎರಡನೇ ಕೈಯಿಂದ ಕೊಂಡದ್ದು, ಗೇರ್ ಬಲಗಡೆ, ಹಿಂದಿನ ಬ್ರೇಕ್ ಎಡಗಡೆ. ಒಂದನೇ ಗೇರಿಗೆ ಲಿವರನ್ನು ಕೆಳಗಿನಿಂದ ಮೇಲಕ್ಕೆತ್ತಬೇಕು, ಉಳಿದ ಮೂರಕ್ಕೆ ಒತ್ತಬೇಕು. ಸ್ಯಾಂಡಲಿನ ಬೆರಳು ಕತ್ತಲಲ್ಲೂ ಲಿವರನ್ನು ಹುಡುಕಿಕೊಳ್ಳುತ್ತಿತ್ತು. ಬೂಟಿನ ಮೂತಿ ಆ ಸಂದಿಗೆ ಹೋಗಲೇ ಇಲ್ಲ. ಟಿನ್ ಫ್ಯಾಕ್ಟರಿಯ ಸಿಗ್ನಲ್ಲಿನಲ್ಲಿ ಹಸಿರು ಬಿದ್ದು, ಹಿಂದಿನ ಬಸ್ಸು ಹಾರ್ನ್ ಹೊಡೆಯುತ್ತಿದ್ದರೆ ನಾನು ಬಲಗಾಲನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ಗೇರಿಗಾಗಿ ತಡಕಾಡುತ್ತಿದ್ದೆ. ಶಿವಾಜಿನಗರದ ನನ್ನ ಮೆಕ್ಯಾನಿಕ್ ನೋಡಿ ನಕ್ಕ. ಲಿವರನ್ನು ಬಿಚ್ಚಿ, ಒಂದು ಹಲ್ಲು ಮೇಲಕ್ಕೆ ತಿರುಗಿಸಿ ಕೂರಿಸಿದ. ಐದು ನಿಮಿಷದ ಕೆಲಸ, ದುಡ್ಡು ತೆಗೆದುಕೊಳ್ಳಲಿಲ್ಲ. ಆಮೇಲೆ ನನ್ನ ಎಡಗಾಲಿನ ಬೂಟನ್ನು ಬೆರಳಿನಿಂದ ತಟ್ಟಿ, "ಇದು ಯಾಕೆ ಸಾಬ್?" ಎಂದು ಕೇಳಿದ. ಎಡ ಬೂಟಿನ ಮೂತಿಯ ಮೇಲೆ ಇನ್ನೊಂದು ಪದರ ಚರ್ಮ ಹೊಲಿದಿತ್ತು. ಇವತ್ತಿನ ಗಾಡಿಗಳ ಗೇರ್ ಎಡಗಡೆ ಇರುವುದರಿಂದ ಅಲ್ಲಿ ಸವೆಯಬಾರದೆಂದು ಹಾಕುವ ತೇಪೆ ಅದು. ನನ್ನ ಬುಲೆಟ್ಟಿಗೆ ಅದರಿಂದ ಉಪಯೋಗವಿಲ್ಲ. ಸವೆಯುವುದು ನನ್ನ ಬಲಗಾಲು, ರಕ್ಷಣೆ ಇರುವುದು ಎಡಗಾಲಿಗೆ.

ಅಬ್ಬಾ ಈ ಬೂಟನ್ನು ಮೂರನೆಯ ದಿನ ಕೈಗೆ ತೆಗೆದುಕೊಂಡರು. ಅದಕ್ಕೆ ಮೊದಲು ಅಬ್ಬಾನ ಪಾದಗಳ ಬಗ್ಗೆ ಹೇಳಬೇಕು.

ಟ್ಯಾನರಿ ರೋಡಿಗೆ ಆ ಹೆಸರು ಸುಮ್ಮನೆ ಬಂದಿಲ್ಲ. ವಾಣಿಯಂಬಾಡಿ ಕಡೆಯಿಂದ ಹದಿನೇಳನೆಯ ವಯಸ್ಸಿಗೆ ಇಲ್ಲಿಗೆ ಬಂದ ಅಬ್ಬಾ ಇಪ್ಪತ್ತಾರು ವರ್ಷ ತೊಗಲು ಹದ ಮಾಡುವ ಕೆಲಸ ಮಾಡಿದರು. ಉಪ್ಪು ಸವರಿ ಬಂದ ತೊಗಲನ್ನು ತೊಳೆದು ಸುಣ್ಣದ ಗುಂಡಿಯಲ್ಲಿ ನೆನೆಹಾಕಬೇಕು. ಕೂದಲು ಸಡಿಲಾದ ಮೇಲೆ ಮರದ ದಿಮ್ಮಿಯ ಮೇಲೆ ಹಾಸಿ ಎರಡು ಹಿಡಿಯ ಬಾಗಿದ ಚೂರಿಯಿಂದ ಕೆರೆಯಬೇಕು. ಹಿಂದಿನ ಕಾಲದಲ್ಲಿ ತಂಗಡಿ ತೊಗಟೆ, ಅಳಲೆಕಾಯಿ ಹಾಕಿ ವಾರಗಟ್ಟಲೆ ಹದ ಮಾಡುತ್ತಿದ್ದರು. ಕ್ರೋಮ್ ಉಪ್ಪು ಬಂದ ಮೇಲೆ ತಿರುಗುವ ಪೀಪಾಯಿಯೊಳಗೆ ಒಂದೆರಡು ದಿನದಲ್ಲಿ ತೊಗಲು ನೀಲಿಯಾಗಿ ಹೊರಬರತೊಡಗಿತು. ಅಬ್ಬಾ ಎರಡೂ ಕೆಲಸ ಬಲ್ಲವರು. ಸುಣ್ಣದ ನೀರಿನಲ್ಲಿ ಅವರು ನಿಂತದ್ದು ಬರಿಗಾಲಲ್ಲಿ. ಉಗುರುಗಳು ಕಪ್ಪಾದವು, ಹಿಮ್ಮಡಿಯ ಬಿರುಕಿನಲ್ಲಿ ನಾಲ್ಕಾಣೆ ನಾಣ್ಯ ನಿಲ್ಲುತ್ತಿತ್ತು. ಚಿಕ್ಕವರಿದ್ದಾಗ ನಾವು ಹಾಗೆ ನಿಲ್ಲಿಸಿ ಆಡಿದ್ದೂ ಉಂಟು, ಅವರು ನಕ್ಕದ್ದೂ ಉಂಟು. ಸಾವಿರಾರು ಬೂಟುಗಳಿಗೆ ಆಗುವಷ್ಟು ಚರ್ಮ ಅವರ ಕೈಮೇಲೆ ಹೋಗಿದೆ. ತಾವು ಚರ್ಮದ ಜೋಡು ಮೆಟ್ಟಿದ್ದು ನಿಕಾಹ್ ದಿನ, ಅದೂ ಚಿಕ್ಕಪ್ಪನಿಂದ ಎರವಲು ಪಡೆದದ್ದು.

ನಾಲ್ಕನೆಯ ತರಗತಿಯವರೆಗೆ ನಾನು ಓದಿದ್ದು ಉರ್ದು ಶಾಲೆಯಲ್ಲಿ. ಅಲ್ಲಿ ಎಲ್ಲರ ಮನೆಯಲ್ಲೂ ಅದೇ ವಾಸನೆ ಇದ್ದುದರಿಂದ ಯಾರಿಗೂ ವಾಸನೆ ಇರಲಿಲ್ಲ. ಕನ್ನಡ ಶಾಲೆಗೆ ಸೇರಿದ ಮೇಲೆ ಪಕ್ಕದಲ್ಲಿ ಕೂತ ಹುಡುಗ ಮೂಗು ಮುಚ್ಚಿಕೊಂಡು ನನಗೆ ಅದನ್ನು ತಿಳಿಸಿಕೊಟ್ಟ. ಅದೇ ಶಾಲೆಯಲ್ಲಿ ಕನ್ನಡ ಮೇಷ್ಟರು ಒಂದು ದಿನ ಹರಳಯ್ಯನ ಕಥೆ ಹೇಳಿದರು. ತಾನು ಒಂದು ಶರಣು ಅಂದರೆ ಬಸವಣ್ಣ ಎರಡು ಶರಣು ಅಂದರೆಂದು, ಆ ಭಾರ ತೀರಿಸಲು ಗಂಡ ಹೆಂಡತಿ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ತಂದ ಕಥೆ. ನನಗೆ ಕಣ್ಣೀರು ಬಂದಿತ್ತು. ರಾತ್ರಿ ಅಬ್ಬಾನಿಗೆ ಉರ್ದುವಿನಲ್ಲಿ ಅದನ್ನು ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದ ಅಬ್ಬಾ, "ಎಷ್ಟು ದಿನ ನೆನೆಹಾಕಿದ್ದರಂತೆ?" ಎಂದು ಕೇಳಿದರು. ನಾನು ಮರುದಿನ ಮೇಷ್ಟರನ್ನು ಕೇಳಿದೆ. ಅವರು ಮೊದಲು ಗದರಿಸಿ, ಆಮೇಲೆ ನಿಮ್ಮ ತಂದೆ ಏನು ಕೆಲಸ ಮಾಡುತ್ತಾರೆ ಎಂದು ವಿಚಾರಿಸಿ, ತಲೆ ಸವರಿದರು. ಹದದ ದಿನಗಳ ಲೆಕ್ಕ ಮಾತ್ರ ಅವರಿಗೂ ಗೊತ್ತಿರಲಿಲ್ಲ. ಕಥೆ ಬರೆಯತೊಡಗಿದ ಮೇಲೆ ಅಬ್ಬಾನ ಆ ಪ್ರಶ್ನೆ ನನಗೆ ಬಹಳ ಸಲ ನೆನಪಾಗಿದೆ. ಭಕ್ತಿಯ ಕಥೆ ಕೇಳಿ ಕೈಕೆಲಸದ ಪ್ರಶ್ನೆ ಕೇಳುವ ಓದುಗ ಸಿಕ್ಕುವುದು ಅಪರೂಪ.

ಅಬ್ಬಾನಿಗೀಗ ಎಪ್ಪತ್ತೇಳು, ಕಣ್ಣು ಮಂಜು. ಬೂಟನ್ನು ಮೊದಲು ಮೂಸಿದರು. ಮೇಲ್ಭಾಗವನ್ನು ಮಡಿಸಿ ಬಿಟ್ಟು, ಬಿದ್ದ ಗೆರೆ ಎಷ್ಟು ಬೇಗ ಹೋಗುತ್ತದೆಂದು ಹೆಬ್ಬೆರಳಿನಿಂದ ನೋಡಿದರು. "ಎಮ್ಮೆ ಚರ್ಮ, ಕಣ ದಪ್ಪ ಇದೆ. ಮೇಲ್ಪದರದ್ದೇ, ಸೀಳಿದ್ದಲ್ಲ" ಎಂದರು. ನಾಲಗೆಯ ಒಳಗಡೆ ಹೊಲಿಗೆ ಹಾಕದ ಅಂಚೊಂದಿತ್ತು. ಅದರ ಬಣ್ಣ ಏನು ಎಂದು ನನ್ನನ್ನು ಕೇಳಿದರು. ಹೊರಗೆ ಕಪ್ಪು, ನಡುವೆ ಬೂದಿ ಬೆರೆತ ನೀಲಿ ಎಂದೆ. "ಕ್ರೋಮ್ ಮಾಲು" ಎಂದು ತಲೆಯಾಡಿಸಿದರು. ಬೆಲೆ ಕೇಳಿದರು, ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ಒಂದು ಹಸಿ ತೊಗಲಿಗೆ ಅವರ ಕಾಲದಲ್ಲಿ ಎಷ್ಟು ಕೂಲಿ ಬರುತ್ತಿತ್ತು ಎಂಬ ಲೆಕ್ಕವನ್ನೂ ತೆಗೆಯಲಿಲ್ಲ. ಅಮ್ಮಾ ತಲೆಗೆ ಹಚ್ಚುವ ಹರಳೆಣ್ಣೆ ತರಿಸಿ, ಬಟ್ಟೆಯ ತುದಿಯನ್ನು ಅದ್ದಿ, ಹಿಮ್ಮಡಿ ಕಚ್ಚುವ ಜಾಗಕ್ಕೆ ಒಳಗಿನಿಂದ ತೆಳ್ಳಗೆ ಸವರಿ, ಹೆಬ್ಬೆರಳಿನಿಂದ ಅರ್ಧ ತಾಸು ತಿಕ್ಕಿದರು. ನೆನೆದರೆ ಬಿಸಿಲಿಗೆ ಇಡಬೇಡ, ನೆರಳಲ್ಲಿ ಒಣಗಿಸು, ಒಳಗೆ ಪೇಪರು ತುರುಕು ಎಂದರು. ಹೀಗೆ ಎರಡು ವಾರ ದಿನಾ ಸಂಜೆ ನಡೆಯಿತು. ಆ ಹೊತ್ತಿನಲ್ಲಿ ಅವರು ಆಡಿದಷ್ಟು ಮಾತನ್ನು ನಾನು ಹತ್ತು ವರ್ಷದಲ್ಲಿ ಕೇಳಿರಲಿಲ್ಲ. ಯಾವ ಗುಂಡಿ ಎಲ್ಲಿತ್ತು, ಯಾರು ಯಾವ ಕಾಯಿಲೆಯಿಂದ ಹೋದರು, ಕಾರ್ಖಾನೆಗಳು ಒಂದೊಂದಾಗಿ ಹೇಗೆ ಬಾಗಿಲು ಹಾಕಿದವು, ಎಲ್ಲವೂ ಬಂದವು.

ಅಮ್ಮಾ ಮಾತ್ರ ಆ ಬೂಟಿನ ಹತ್ತಿರ ಬರಲಿಲ್ಲ. ಮೊದಲ ದಿನ "ಕ್ಯಾ ಬಾ, ಪೊಲೀಸ್ ಮೇ ಭರ್ತಿ ಹೋಗಯಾ ಕ್ಯಾ?" ಎಂದು ತಮಾಷೆಯಾಗಿ ಕೇಳಿದ್ದರು. ಎರಡನೆಯ ದಿನ ಬೆಳಿಗ್ಗೆ ನಾನು ಮಹಡಿಯಿಂದ ಇಳಿಯುತ್ತಿದ್ದಾಗ ಕೆಳಗಿನ ಕೋಣೆಯಿಂದ "ಕೌನ್? ಕೌನ್ ಹೈ?" ಎಂಬ ದನಿ ಬಂತು. ಅದರಲ್ಲಿ ತಮಾಷೆ ಇರಲಿಲ್ಲ. ಕಲ್ಲಿನ ಮೆಟ್ಟಿಲ ಮೇಲೆ ಗಡಸು ಅಟ್ಟೆಯ ಸದ್ದು ನನಗೂ ಕೇಳಿಸಿತು.

1994ರ ಅಕ್ಟೋಬರಿನಲ್ಲಿ ದೂರದರ್ಶನದ ಉರ್ದು ವಾರ್ತೆಯ ನೆಪದಲ್ಲಿ ಬೆಂಗಳೂರು ಹೊತ್ತಿಕೊಂಡಿತಲ್ಲ, ಆಗ ನನಗೆ ಹದಿನಾಲ್ಕು. ಹತ್ತು ನಿಮಿಷದ ವಾರ್ತೆ. ಮನೆಯಲ್ಲಿ ಟೀವಿಯೇ ಇಲ್ಲದ ನಮ್ಮಂಥವರ ಗಲ್ಲಿಯಲ್ಲೂ ಕರ್ಫ್ಯೂ. ರಾತ್ರಿ ದೀಪ ಆರಿಸಿ ಎಲ್ಲರೂ ಒಂದೇ ಕೋಣೆಯಲ್ಲಿ ಕೂತಿದ್ದೆವು. ಗಲ್ಲಿಯ ಆ ತುದಿಯಿಂದ ಬೂಟುಗಳ ಸದ್ದು ಬಂತು. ನಿಲ್ಲುತ್ತಿತ್ತು, ಮತ್ತೆ ಮುಂದುವರಿಯುತ್ತಿತ್ತು. ಅಮ್ಮಾ ನನ್ನ ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿದಿದ್ದರು. ನಾನೇನೂ ಮಾತಾಡುತ್ತಿರಲಿಲ್ಲ. ಸದ್ದು ನಮ್ಮ ಬಾಗಿಲ ಮುಂದೆ ನಿಂತು, ಮುಂದಕ್ಕೆ ಹೋಯಿತು. ಯಾರೂ ಬಾಗಿಲು ತಟ್ಟಲಿಲ್ಲ, ನಮ್ಮ ಮನೆಯವರಿಗೆ ಯಾರಿಗೂ ಏನೂ ಆಗಲಿಲ್ಲ. ಪತ್ರಿಕೆಗೆ ಬರೆಯುವಂಥ ಸಂಗತಿಯೇನೂ ಅಲ್ಲ. ಆದರೆ ನನ್ನ ಕಥೆಗಳಲ್ಲಿ ಬೂಟು ಬಂದಾಗಲೆಲ್ಲ ಅದು ಬಾಗಿಲ ಹೊರಗಿನ ಸದ್ದಾಗಿಯೇ ಬಂದಿದೆ, ಅದರೊಳಗೆ ಒಂದು ಪಾದ ಇದ್ದೀತೆಂದು ನಾನು ಒಂದು ಸಲವೂ ಬರೆದಿಲ್ಲ. ಆ ಪಾದಕ್ಕೂ ಹಿಮ್ಮಡಿ ಇತ್ತು, ಹದಿನೆಂಟು ತಾಸು ನಿಂತ ಹಿಮ್ಮಡಿ. ಇದನ್ನು ಅಮ್ಮಾನಿಗೆ ಹೇಳುವ ಧೈರ್ಯ ನನಗಿಲ್ಲ, ಹೇಳಬೇಕಾದ ಅಗತ್ಯವೂ ಕಾಣಲಿಲ್ಲ.

ಅಂದಿನಿಂದ ಬೂಟನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಇಳಿದು, ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂತು ಹಾಕಿಕೊಳ್ಳುತ್ತೇನೆ. ಲೇಸು ಬಿಗಿದು ಜಿಪ್ ಎಳೆಯಲು ನಾಲ್ಕು ನಿಮಿಷ. ಹಾದುಹೋಗುವ ಹುಡುಗರು ಸಲಾಮಿನ ಜೊತೆ ಒಂದು ಸೆಲ್ಯೂಟನ್ನೂ ಹೊಡೆಯುತ್ತಾರೆ.

ಹೊಸಕೋಟೆಯಲ್ಲಿ ಲುಹರ್ ನಮಾಜಿನ ಹೊತ್ತಿಗೆ ಈ ನಾಲ್ಕು ನಿಮಿಷವೇ ದೊಡ್ಡ ಸಮಸ್ಯೆ. ವುಜೂ ಮಾಡಲು ಬಿಚ್ಚಬೇಕು, ನಮಾಜು ಮುಗಿದ ಮೇಲೆ ಹಾಕಬೇಕು, ಅಷ್ಟರಲ್ಲಿ ಶಾಲೆಯ ಗಂಟೆ. ಚಿಕ್ಕಂದಿನಲ್ಲಿ ಉರ್ದು ಪುಸ್ತಕದಲ್ಲಿ ಉರುಹೊಡೆದ ಪಾಠ ನೆನಪಾಯಿತು: ವುಜೂ ಮಾಡಿ ಹಾಕಿಕೊಂಡ, ಕಣಕಾಲು ಮುಚ್ಚುವ ಚರ್ಮದ ಮೋಜಾ ಇದ್ದರೆ ಕಾಲು ತೊಳೆಯಬೇಕಿಲ್ಲ, ಒದ್ದೆ ಬೆರಳುಗಳಿಂದ ಮೇಲೆ ಸವರಿದರೆ ಸಾಕು. ಊರಲ್ಲಿರುವವನಿಗೆ ಒಂದು ಹಗಲು ಒಂದು ರಾತ್ರಿ, ಪ್ರಯಾಣಿಕನಿಗೆ ಮೂರು. ನನ್ನ ಬೂಟು ಚರ್ಮದ್ದು, ಕಣಕಾಲನ್ನೂ ಮುಚ್ಚುತ್ತದೆ. ಮಸೀದಿಯ ಹಜರತರಲ್ಲಿ ವಿಚಾರಿಸಿದೆ. ಅವರು ಬೂಟನ್ನು ಸುತ್ತಲೂ ನೋಡಿ, "ಮಸಹ್ ಆಗುತ್ತೆ ಮಾಸ್ಟರ್. ಆದರೆ ಇದರ ತಳ ನೋಡಿ, ಹೊಸಕೋಟೆ ಕೆರೆಯ ಅರ್ಧ ಕೆಸರು ಇದರಲ್ಲೇ ಇದೆ. ಇದನ್ನು ಹಾಕಿಕೊಂಡು ಜಮಖಾನೆ ಮೇಲೆ ಬರೋ ಹಾಗಿಲ್ಲ. ಒಳಗೆ ಬರಲು ಬಿಚ್ಚಿದಿರೋ, ಮಸಹ್ ಹೋಯಿತು, ಕಾಲು ತೊಳೆಯಲೇಬೇಕು" ಎಂದು ನಕ್ಕರು. ಅವರು ನಕ್ಕದ್ದು ನ್ಯಾಯವಾಗಿಯೇ ಇತ್ತು. ಈಗ ಶಾಲೆಯಲ್ಲಿ ಒಂದು ಜೊತೆ ಹವಾಯಿ ಇಟ್ಟಿದ್ದೇನೆ. ಬೂಟು ಸ್ಟಾಫ್‌ರೂಮಿನ ಬೀರುವಿನ ಕೆಳಗೆ ಇರುತ್ತದೆ. ಗಣಿತದ ಮೇಷ್ಟರು ಒಂದು ದಿನ ಅದನ್ನು ಕೋಲಿನ ತುದಿಯಿಂದ ಮೆಲ್ಲಗೆ ತಟ್ಟಿ, ಬೆಲೆ ಎಷ್ಟು ಎಂದು ಕೇಳಿದರು. ಹೇಳಿದೆ. "ನನ್ನ ಮಗನಿಗೆ ಒಂಬತ್ತನೇ ನಂಬರು" ಎಂದರು.

ಎರಡು ತಿಂಗಳಾದ ಮೇಲೆ ಬಲ ಬೂಟಿನ ಮೂತಿಯಲ್ಲಿ, ಗೇರ್ ಲಿವರು ತಾಗುವ ಕಡೆ, ಬಣ್ಣ ಹೋಗಿ ಚರ್ಮ ಬಿಳಿಚಿಕೊಂಡಿತು. ಎಡಗಾಲಿನ ತೇಪೆ ಅಂಗಡಿಯಿಂದ ತಂದ ದಿನದಂತೆಯೇ ಹೊಳೆಯುತ್ತಿತ್ತು. ಹಿಮ್ಮಡಿ ಕಚ್ಚುವುದು ಅಷ್ಟರಲ್ಲಿ ನಿಂತಿತ್ತು. ಬೂಟು ಈಗ ನನ್ನ ಪಾದ ಮಡಿಯುವ ಜಾಗದಲ್ಲೇ ಮಡಿಯುತ್ತದೆ, ಖಾಲಿ ಇಟ್ಟಾಗಲೂ ಆ ಎರಡು ಗೆರೆ ಹಾಗೇ ಇರುತ್ತವೆ. ಅಬ್ಬಾ ಬೆರಳಾಡಿಸಿ ಸವೆದ ಜಾಗವನ್ನು ಕಂಡುಹಿಡಿದರು. ಮಂಚದ ಕೆಳಗಿನ ಟ್ರಂಕನ್ನು ಎಳೆಸಿ, ಬಟ್ಟೆಯಲ್ಲಿ ಸುತ್ತಿಟ್ಟ ಅಂಗೈಯಗಲದ ಕಂದು ಚರ್ಮವೊಂದನ್ನು ತೆಗೆದರು. ತೊಗಟೆಯಲ್ಲಿ ಹದ ಮಾಡಿದ್ದಂತೆ, ಕೆಲಸ ಬಿಟ್ಟ ವರ್ಷ ತಂದಿಟ್ಟುಕೊಂಡದ್ದಂತೆ. ಇಷ್ಟು ವರ್ಷ ಅದು ಆ ಟ್ರಂಕಿನಲ್ಲಿತ್ತೆಂದು ಅಮ್ಮಾನಿಗೂ ಗೊತ್ತಿರಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಕೂರುವ ಮೋಚಿಯ ಬಳಿಗೆ ತೆಗೆದುಕೊಂಡು ಹೋದೆ. ಅವನು ಆ ತುಂಡನ್ನು ಬೆಳಕಿಗೆ ಹಿಡಿದು ನೋಡಿ, ಇಂಥ ಮಾಲು ಈಗ ಎಲ್ಲಿ ಸಿಗುತ್ತದೆ ಎಂದು ಕೇಳಿದ. ಕಪ್ಪು ಬೂಟಿನ ಮೇಲೆ ಕಂದು ತೇಪೆ ಚೆನ್ನಾಗಿ ಕಾಣುವುದಿಲ್ಲ, ಬಣ್ಣ ಹಾಕಿಕೊಡಲೇ ಎಂದೂ ಕೇಳಿದ. ಬೇಡ, ಹಾಗೇ ಇರಲಿ ಎಂದೆ. ಉಳಿದ ಚೂರನ್ನು ತನಗೆ ಕೊಡುತ್ತೀರಾ ಎಂದ. ಅದನ್ನು ಅಬ್ಬಾನನ್ನು ಕೇಳಿ ಹೇಳುತ್ತೇನೆಂದು ಜೇಬಿನಲ್ಲಿಟ್ಟುಕೊಂಡು ಬಂದೆ.